ಪ್ರತಿಸಲವೂ ‘ಮೊದಲನೆಯವಳು’

2025ರ ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದ ಮೇಲೆ ಮೈಸೂರು ದಸರಾ ಮಹೋತ್ಸವವನ್ನು ಉದ್ಘಾಟಿಸಿದವರು ಕನ್ನಡದ ಕಥೆಗಾರ್ತಿ ಶ್ರೀಮತಿ ಬಾನು ಮುಷ್ತಾಕ್ ಅವರು. ಅದಕ್ಕೆ ನಾಲ್ಕು ತಿಂಗಳ ಮುನ್ನ, ಮೇ 20ರಂದು, ಲಂಡನ್ ನಗರದಲ್ಲಿ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದವಾದ ‘ಹಾರ್ಟ್ ಲ್ಯಾಂಪ್’ ಎಂಬ ಗ್ರಂಥಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಸಂದಿದ್ದಿತು. ಅನುವಾದಿಸಿದವರು ಕೊಡಗಿನ ಶ್ರೀಮತಿ ದೀಪಾ ಭಾಸ್ತಿ. ಪ್ರಶಸ್ತಿಯ 50,000 ಪೌಂಡುಗಳನ್ನು ಲೇಖಕಿಯೂ ಅನುವಾದಕಿಯೂ ಸಮನಾಗಿ ಹಂಚಿಕೊಳ್ಳುವುದು ಅಲ್ಲಿಯ ನಿಯಮ.

ಈ ಎರಡು ದಿನಾಂಕಗಳ ನಡುವೆ ನಮ್ಮ ಊರಿನಲ್ಲಿ ಎಷ್ಟು ಮಾತು ನಡೆಯಿತೆಂಬುದನ್ನು ವಾಚಕರಿಗೆ ನೆನಪಿಸಬೇಕಾದುದಿಲ್ಲ. ಅನ್ಯಮತದವರೊಬ್ಬರು ದಸರೆಯ ದೀಪವನ್ನು ಬೆಳಗಬಹುದೇ ಎಂಬ ಪ್ರಶ್ನೆ ಎದ್ದಿತು. 2017ರಲ್ಲಿ ಕವಿ ಕೆ. ಎಸ್. ನಿಸಾರ್ ಅಹಮದ್ ಅವರು ಇದೇ ದೀಪವನ್ನು ಬೆಳಗಿದ್ದರೆಂಬ ಉತ್ತರ ಬಂದಿತು. ವಿವಾದ ನ್ಯಾಯಾಲಯಕ್ಕೂ ಹೋಯಿತು. ರಾಜ್ಯದ ಉಚ್ಚ ನ್ಯಾಯಾಲಯವು ಸೆಪ್ಟೆಂಬರ್ 15ರಂದೂ, ಸರ್ವೋಚ್ಚ ನ್ಯಾಯಾಲಯವು 19ರಂದೂ ಆಕ್ಷೇಪಣೆಯನ್ನು ತಳ್ಳಿಹಾಕಿದವು. ನಾನು ವಾಸವಾಗಿರುವ ಕುಂಬಾರಕೊಪ್ಪಲಿನ ಟೀ ಅಂಗಡಿಯ ಬೆಂಚಿನ ಮೇಲೂ, ಕ್ಷೌರದ ಅಂಗಡಿಯ ಕನ್ನಡಿಯ ಮುಂದೂ ಇದೇ ಮಾತು. ಒಬ್ಬರು ಪರ, ಇನ್ನೊಬ್ಬರು ವಿರೋಧ. ನಾನು ಎರಡು ಕಡೆಯವರ ಮಾತನ್ನೂ ಕೇಳಿದೆನು. ಲೇಖಕಿಯ ಮತದ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿದ್ದಿತು. ಆಕೆಯ ಒಂದು ಕಥೆಯ ಬಗ್ಗೆಯಾದರೂ ಅಭಿಪ್ರಾಯವಿದ್ದವರನ್ನು ನಾನು ಅಲ್ಲಿ ಕಾಣಲಿಲ್ಲ.

ದಸರೆಯ ರಜೆ ಮುಗಿದು ತರಗತಿಗಳು ಆರಂಭವಾದ ಮೇಲೆ ವಿದ್ಯಾರ್ಥಿಗಳೊಡನೆ ಈ ವಿಷಯವಾಗಿ ಮಾತನಾಡಿದೆ. ಬುಕರ್ ಪಡೆದ ಮೊದಲ ಕನ್ನಡ ಕೃತಿ, ಆ ಗೌರವಕ್ಕೆ ಪಾತ್ರವಾದ ಮೊದಲ ಕಥಾಸಂಗ್ರಹ, ಅದನ್ನು ಗೆದ್ದ ಮೊದಲ ಭಾರತೀಯ ಅನುವಾದಕಿ — ಹೀಗೆ ‘ಮೊದಲು’ಗಳ ಪಟ್ಟಿಯನ್ನು ಒಪ್ಪಿಸುತ್ತಿದ್ದಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಇವರಿಗಿಂತ ಮುಂಚೆ ಕನ್ನಡದಲ್ಲಿ ಹೆಂಗಸರು ಕತೆ ಬರೀತಿರಲಿಲ್ವಾ?” ಎಂದು ಕೇಳಿದಳು.

ಬರೆಯುತ್ತಿದ್ದರು, ಬಹಳ ಮಂದಿ ಬರೆಯುತ್ತಿದ್ದರು, ಎಂದೆ. ಹೆಸರುಗಳನ್ನು ಹೇಳಲು ತೊಡಗಿದೆ. ತರಗತಿಗೆ ಅಕ್ಕಮಹಾದೇವಿ ಗೊತ್ತು. ಸಂಚಿಯ ಹೊನ್ನಮ್ಮನ ಒಂದು ಪದ್ಯ ಗೊತ್ತು. ತ್ರಿವೇಣಿಯವರ ಹೆಸರು ‘ಶರಪಂಜರ’ದ ಚಲನಚಿತ್ರದಿಂದ ಗೊತ್ತು. ನಡುವೆ ಏನೂ ಇಲ್ಲ. ಅಂದು ಸಂಜೆ ಮನೆಗೆ ಬಂದು, ನವೋದಯ ಸಾಹಿತ್ಯವನ್ನು ಕುರಿತು ನಾನು ಎಷ್ಟೋ ವರ್ಷಗಳಿಂದ ಪಾಠಕ್ಕೆ ಬಳಸುತ್ತಿರುವ ಟಿಪ್ಪಣಿ ಪುಸ್ತಕವನ್ನು ತೆರೆದೆ. ಶ್ರೀ, ಬೇಂದ್ರೆ, ಕುವೆಂಪು, ಮಾಸ್ತಿ, ಪು.ತಿ.ನ., ಡಿ.ವಿ.ಜಿ., ಕೆ.ಎಸ್.ನ. — ಪುಟ ಪುಟಗಳ ವಿವೇಚನೆ. ಒಬ್ಬ ಲೇಖಕಿಯ ಹೆಸರೂ ಆ ಪುಟಗಳಲ್ಲಿರಲಿಲ್ಲ. ಆ ಟಿಪ್ಪಣಿಯನ್ನು ಬೇರಾರೂ ನನ್ನ ಮೇಲೆ ಹೇರಿರಲಿಲ್ಲ, ಬರೆದವನು ನಾನೇ. ಹುಡುಗಿಯ ಅಜ್ಞಾನಕ್ಕೆ ಮೂಲ ಎಲ್ಲಿದೆಯೆಂಬುದು ಆಗ ತಿಳಿಯಿತು. ಈ ಲೇಖನ ಹುಟ್ಟಿದುದು ಆ ಸಂಜೆ.

‘ಮೊದಲನೆಯವಳು’ ಎಂಬುದು ಗೌರವದ ಮಾತೆಂದು ನಾವು ತಿಳಿದಿದ್ದೇವೆ. ಅದು ಗೌರವವೂ ಹೌದು. ಆದರೆ ಒಂದು ಭಾಷೆಯಲ್ಲಿ ತಲೆಮಾರಿಗೊಮ್ಮೆ ಒಬ್ಬ ಹೆಣ್ಣುಮಗಳು ಮೊದಲನೆಯವಳಾಗಿಯೇ ಕಾಣಿಸಿಕೊಳ್ಳುತ್ತಿದ್ದರೆ, ಹಿಂದಿನವಳನ್ನು ಆ ಭಾಷೆ ಮರೆತಿದೆ ಎಂದೇ ಅರ್ಥ. ಗಂಡಸರ ಸಾಹಿತ್ಯಕ್ಕೆ ಪರಂಪರೆಯುಂಟು. ಹೆಂಗಸರ ಸಾಹಿತ್ಯಕ್ಕೆ ಆಗಾಗ ಒಂದೊಂದು ಪವಾಡವುಂಟು. ಹೀಗೇಕೆ ಆಯಿತು, ಇದನ್ನು ಸರಿಪಡಿಸುವ ಬಗೆ ಯಾವುದು ಎಂಬುದಷ್ಟೇ ಇಲ್ಲಿಯ ವಿಚಾರ.

*

ಈ ರೋಗ ನಮ್ಮೊಬ್ಬರದೇ ಅಲ್ಲ. ಇಂಗ್ಲೆಂಡಿನಲ್ಲಿ 2025ನೆಯ ವರ್ಷವು ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಹುಟ್ಟಿದ ಇನ್ನೂರೈವತ್ತನೆಯ ವರ್ಷ. ಆಕೆ ಹುಟ್ಟಿದ್ದು 1775ರ ಡಿಸೆಂಬರ್ 16ರಂದು. ಇಂದು ಜಗತ್ತು ಕೊಂಡಾಡುವ ಈ ಲೇಖಕಿಯ ಮೊದಲ ಕಾದಂಬರಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ 1811ರಲ್ಲಿ ಅಚ್ಚಾದಾಗ ಅದರ ಮುಖಪುಟದಲ್ಲಿ ಆಕೆಯ ಹೆಸರಿರಲಿಲ್ಲ. ಬರೆದವರು ಒಬ್ಬ ಮಹಿಳೆ ಎಂದಷ್ಟೇ ಇದ್ದಿತು. ಬದುಕಿದ್ದಷ್ಟು ಕಾಲವೂ ಆಕೆಯ ಯಾವ ಪುಸ್ತಕವೂ ಆಕೆಯ ಹೆಸರಿನಲ್ಲಿ ಹೊರಬರಲಿಲ್ಲ. 1817ರಲ್ಲಿ ತೀರಿಕೊಂಡಾಗ ವಿಂಚೆಸ್ಟರಿನ ದೊಡ್ಡ ಇಗರ್ಜಿಯಲ್ಲಿ ಸಮಾಧಿ ಮಾಡಿ ಕಲ್ಲಿನ ಮೇಲೆ ಗುಣಗಾನವನ್ನು ಕೆತ್ತಿದರು. ಸದ್ಗುಣ, ಸಹನೆ, ದೈವಭಕ್ತಿ ಎಲ್ಲವೂ ಅದರಲ್ಲಿ ಬಂದುವು, ಆಕೆ ಕಾದಂಬರಿಗಳನ್ನು ಬರೆದಳೆಂಬುದೊಂದು ಬಿಟ್ಟುಹೋಯಿತು.

ಆಸ್ಟೆನ್ ಸತ್ತ ಮರುವರ್ಷ, 1818ರಲ್ಲಿ, ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಹೆಸರಿಲ್ಲದೆಯೇ ಪ್ರಕಟವಾಯಿತು. ಮುನ್ನುಡಿಯನ್ನು ಬರೆದವನು ಆಕೆಯ ಪತಿ, ಕವಿ ಶೆಲ್ಲಿ. ಕೃತಿಯೂ ಅವನದೇ ಇರಬೇಕೆಂದು ಊಹಿಸಿದವರಿದ್ದರು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ 1837ರಲ್ಲಿಯೇ ಇನ್ನೊಂದು ಸಂಗತಿ ನಡೆಯಿತು. ಶಾರ್ಲೆಟ್ ಬ್ರಾಂಟೆ ಎಂಬ ಇಪ್ಪತ್ತರ ಹರೆಯದ ಹುಡುಗಿ ತನ್ನ ಪದ್ಯಗಳನ್ನು ಆಸ್ಥಾನಕವಿ ಸದೆಗೆ ಕಳುಹಿಸಿದ್ದಳು. ಸಾಹಿತ್ಯವು ಹೆಣ್ಣಿನ ಬಾಳಿನ ಕಸುಬಾಗಲಾರದು, ಆಗಲೂ ಬಾರದು ಎಂಬ ಅರ್ಥದ ಉತ್ತರ ಅವನಿಂದ ಬಂದಿತು. ಒಂಬತ್ತು ವರ್ಷಗಳ ನಂತರ ಮೂವರು ಅಕ್ಕತಂಗಿಯರೂ ಸೇರಿ ಗಂಡಸರದೆಂದು ತೋರುವ ಹೆಸರುಗಳನ್ನಿಟ್ಟುಕೊಂಡು, ತಮ್ಮ ಖರ್ಚಿನಿಂದಲೇ ಒಂದು ಪದ್ಯಸಂಗ್ರಹವನ್ನು ಅಚ್ಚು ಹಾಕಿಸಿದರು. ಮೊದಲ ವರ್ಷ ಮಾರಾಟವಾದುದು ಎರಡು ಪ್ರತಿ. ಮರುವರ್ಷವೇ, 1847ರಲ್ಲಿ, ಅದೇ ಮರೆಯ ಹೆಸರುಗಳಲ್ಲಿ ‘ಜೇನ್ ಐರ್’ ಮತ್ತು ‘ವದರಿಂಗ್ ಹೈಟ್ಸ್’ ಕಾದಂಬರಿಗಳು ಹೊರಬಂದವು.

ನನ್ನ ಊರಿನ ಹೆಸರೇ ಹೇಳುವಂತೆ ಅದು ಕುಂಬಾರರ ಕೊಪ್ಪಲು. ಕುಂಬಾರನು ಮಡಕೆಯ ಮೇಲೆ ತನ್ನ ಹೆಸರನ್ನು ಕೊರೆಯುವುದಿಲ್ಲ. ಅದು ಆ ವೃತ್ತಿಯ ರೀತಿ. ಆದರೆ ಹೆಸರನ್ನು ಹಾಕುವುದೇ ವಾಡಿಕೆಯಾದ ವೃತ್ತಿಯಲ್ಲಿ ಹೆಸರನ್ನು ಮರೆಸಿಕೊಳ್ಳಬೇಕಾಗಿ ಬಂದರೆ ಅದು ವಿನಯವಲ್ಲ, ಭಯ.

ಆದರೂ ಇಂಗ್ಲಿಷಿನವರು ಆಸ್ಟೆನ್ನಳನ್ನು ಉಳಿಸಿಕೊಂಡರು. ಹೇಗೆ? ಜಯಂತಿಯ ಭಾಷಣಗಳಿಂದಲ್ಲ. 1869ರ ಕೊನೆಯಲ್ಲಿ ಆಕೆಯ ಸೋದರನ ಮಗ ಒಂದು ಜೀವನಚರಿತ್ರೆಯನ್ನು ಬರೆದ. ಸಮಾಧಿಯ ಬಳಿ ಆಕೆಯ ಬರವಣಿಗೆಯನ್ನು ನೆನೆಯುವ ಹಿತ್ತಾಳೆಯ ಫಲಕ ಬಂದುದು ಅದರ ತರುವಾಯ, 1872ರಲ್ಲಿ. 1923ರಲ್ಲಿ ಆರ್. ಡಬ್ಲ್ಯು. ಚಾಪ್‌ಮನ್ ಎಂಬ ವಿದ್ವಾಂಸನು, ಗ್ರೀಕ್ ಲ್ಯಾಟಿನ್ ಕಾವ್ಯಗಳಿಗೆ ಮೀಸಲಾಗಿದ್ದ ಶ್ರದ್ಧೆಯಿಂದ, ಆಕೆಯ ಕಾದಂಬರಿಗಳ ಪಾಠಾಂತರಗಳನ್ನು ನೋಡಿ ಶುದ್ಧಪ್ರತಿಯನ್ನು ಸಿದ್ಧಪಡಿಸಿದ. ಶಾರ್ಲೆಟ್ ಬ್ರಾಂಟೆ 1855ರಲ್ಲಿ ತೀರಿಕೊಂಡ ಎರಡೇ ವರ್ಷಗಳಲ್ಲಿ ಆಕೆಯ ಜೀವನಚರಿತ್ರೆಯನ್ನು ಬರೆದವಳು ಮತ್ತೊಬ್ಬ ಕಾದಂಬರಿಗಾರ್ತಿಯಾದ ಎಲಿಜಬೆತ್ ಗ್ಯಾಸ್ಕೆಲ್. ಮರುಮುದ್ರಣ, ಚರಿತ್ರೆ, ಶುದ್ಧಪ್ರತಿ, ತರಗತಿ — ನೆನಪಿಗೆ ಈ ನಾಲ್ಕು ಕಂಬಗಳು.

ಈ ಕಂಬಗಳು ಸಿಗದವರ ಗತಿ ಏನಾಯಿತೆಂಬುದನ್ನೂ ನೋಡಬೇಕು. ಫೆಲಿಷಿಯಾ ಹೆಮನ್ಸ್ (1793–1835) ತನ್ನ ಕಾಲದಲ್ಲಿ ಅತ್ಯಂತ ಜನಪ್ರಿಯಳಾದ ಕವಯಿತ್ರಿ. ಉರಿಯುವ ಹಡಗಿನ ಮೇಲೆ ಅಲುಗಾಡದೆ ನಿಂತ ಹುಡುಗನನ್ನು ಕುರಿತ ಆಕೆಯ ಪದ್ಯವನ್ನು ನಮ್ಮ ದೇಶದಲ್ಲಿಯೂ ಹಿರಿಯ ತಲೆಮಾರಿನವರು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದುಂಟು. ಹುಡುಗ ನೆನಪಿನಲ್ಲಿ ಉಳಿದ, ಬರೆದವಳು ಉಳಿಯಲಿಲ್ಲ. ವರ್ಡ್ಸ್‌ವರ್ತ್, ಕೋಲ್ರಿಜ್, ಬೈರನ್, ಶೆಲ್ಲಿ, ಕೀಟ್ಸ್ ಎಂದು ಎಣಿಸುವ ಪಟ್ಟಿಯೇ ರಮ್ಯಯುಗವೆಂದಾಯಿತು. ಆ ಯುಗದ ಕವಯಿತ್ರಿಯರನ್ನು ವಿದ್ವಾಂಸರು ಮತ್ತೆ ಹುಡುಕಿ ತೆಗೆದುದು ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ.

*

ಈ ಪಟ್ಟಿಗೂ ಮೈಸೂರಿಗೂ ಸಂಬಂಧವುಂಟು. ನಮ್ಮ ನವೋದಯಕ್ಕೆ ಬಾಗಿಲು ತೆರೆದುದು ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’. ರಮ್ಯಯುಗವನ್ನು ನಾವು ಪಡೆದುದು ಇಂಗ್ಲೆಂಡು ಸೋಸಿ ಕೊಟ್ಟ ಸಂಕಲನಗಳ ಮೂಲಕ; ಅಲ್ಲಿಯ ಮರವೆಯೂ ನಮಗೆ ಜೊತೆಯಲ್ಲಿಯೇ ಬಂದಿತು.

ಆದರೆ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ‘ಮುದಿಯ ರಾಮೇಗೌಡ’ ಎಂಬುದೊಂದು ಪದ್ಯವಿದೆ. ಅದರ ಮೂಲ ‘ಓಲ್ಡ್ ರಾಬಿನ್ ಗ್ರೇ’ ಎಂಬ ಸ್ಕಾಟಿಷ್ ಗೀತ. ಪ್ರೀತಿಸಿದ ಹುಡುಗ ಹಣ ಗಳಿಸಲೆಂದು ಸಮುದ್ರಕ್ಕೆ ಹೋದಾಗ ಹೆತ್ತವರ ಬಡತನದ ಹೊರೆಗಾಗಿ ಮುದುಕನೊಬ್ಬನ ಕೈಹಿಡಿದ ಹೆಣ್ಣಿನ ಮಾತು ಅದು. ಮುದುಕ ಕೆಟ್ಟವನಲ್ಲ, ಆದುದರಿಂದಲೇ ಆಕೆಯ ದುಃಖಕ್ಕೆ ಹೊರದಾರಿಯಿಲ್ಲ. ಇದನ್ನು ಬರೆದವಳು ಲೇಡಿ ಆನ್ ಲಿಂಡ್ಸೆ, ಹದಿನೆಂಟನೆಯ ಶತಮಾನದ ಎಪ್ಪತ್ತರ ದಶಕದ ಆರಂಭದಲ್ಲಿ, ತನ್ನ ಇಪ್ಪತ್ತೊಂದರ ಆಸುಪಾಸಿನಲ್ಲಿ. ಹಾಡು ದೇಶವೆಲ್ಲ ಹರಡಿತು, ಬರೆದವರಾರೆಂಬ ಚರ್ಚೆ ನಡೆಯಿತು, ಆಕೆ ಮಾತನಾಡಲಿಲ್ಲ. ತಾನೇ ಬರೆದವಳೆಂದು 1823ರಲ್ಲಿ, ಐವತ್ತು ವರ್ಷಗಳ ನಂತರ, ವಾಲ್ಟರ್ ಸ್ಕಾಟನಿಗೆ ಬರೆದು ಒಪ್ಪಿಕೊಂಡಳು. ಆಕೆಯ ದನಿಯನ್ನು ಮೈಸೂರು ಸೀಮೆಯ ಹಳ್ಳಿಯ ಹೆಣ್ಣಿನ ಬಾಯಲ್ಲಿ ಕೇಳಿಸಿದ ಕೀರ್ತಿ ಶ್ರೀಯವರದು. ರಮ್ಯಯುಗದ ಲೇಖಕಿಯೊಬ್ಬಳು ನಮ್ಮ ನವೋದಯದ ತೊಟ್ಟಿಲಲ್ಲಿಯೇ ಇದ್ದಳು. ನಾನು ಆ ಪದ್ಯವನ್ನು ಎಷ್ಟು ಸಲ ಪಾಠ ಮಾಡಿದ್ದೇನೆ! ಮೂಲವನ್ನು ಬರೆದವಳು ಒಬ್ಬ ಹೆಂಗಸೆಂದು ಒಂದು ಸಲವೂ ಹೇಳಿದ ನೆನಪಿಲ್ಲ.

ವಿಕ್ಟೋರಿಯಾ ರಾಣಿಯ ಕಾಲವು ಮೈಸೂರಿನ ಮಟ್ಟಿಗೆ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಆರಂಭಕಾಲವೂ ಆಗಿದ್ದಿತು. ಅಂಬಳೆ ನರಸಿಂಹಯ್ಯಂಗಾರ್ಯರ ಪ್ರಯತ್ನದಿಂದ 1881ರಲ್ಲಿ ತೆರೆದ ಬಾಲಿಕಾ ಪಾಠಶಾಲೆಯೇ ಬೆಳೆದು ಮಹಾರಾಣಿ ಕಾಲೇಜಾಯಿತು. ನಮ್ಮ ಕೊಪ್ಪಲಿಗೆ ದೂರವಲ್ಲದ ವಾಣಿವಿಲಾಸ ಮೊಹಲ್ಲಾ ಯಾರ ಹೆಸರನ್ನು ಹೊತ್ತಿದೆಯೋ ಆ ಮಹಾರಾಣಿಯವರು 1895ರಿಂದ 1902ರವರೆಗೆ ಸಂಸ್ಥಾನದ ಆಡಳಿತವನ್ನೇ ನಡೆಸಿದರು. ಆ ಯುಗದಲ್ಲಿಯೇ, 1887ರಲ್ಲಿ, ಮೈಸೂರಿಗೆ ಕೂಗಳತೆಯ ನಂಜನಗೂಡಿನಲ್ಲಿ ತಿರುಮಲಾಂಬ ಹುಟ್ಟಿದರು.

ಆಟವಾಡುವ ವಯಸ್ಸಿನಲ್ಲಿ ಮದುವೆ. ಹದಿನಾಲ್ಕರ ಆಸುಪಾಸಿನಲ್ಲಿ ವೈಧವ್ಯ. ವಕೀಲರಾಗಿದ್ದ ತಂದೆಯ ಆಸರೆಯಲ್ಲಿ ಮನೆಯಲ್ಲಿಯೇ ಓದು. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ಕಾದಂಬರಿ ‘ಸುಶೀಲೆ’ಯನ್ನು ತಾವೇ ಪ್ರಕಟಿಸಿದರು, ಅದು ಮತ್ತೆ ಮತ್ತೆ ಅಚ್ಚಾಯಿತು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಕಾದಂಬರಿ, ನಾಟಕ, ಪ್ರಬಂಧ, ಪತ್ತೇದಾರಿ ಕಥೆ — ಅವರು ಕೈಹಾಕದ ಪ್ರಕಾರ ಕಡಿಮೆ. ಅನಂತರ ಬರವಣಿಗೆ ನಿಂತಿತು. ನಾಲ್ಕು ದಶಕಗಳಷ್ಟು ಕಾಲ ಕನ್ನಡನಾಡು ಅವರನ್ನು ನೆನೆಯಲಿಲ್ಲ. ಅವರು ಮದರಾಸಿನಲ್ಲಿ ಬದುಕಿದ್ದರು! ಪ್ರೊ. ಚಿ. ನ. ಮಂಗಳಾ ಮೊದಲಾದವರ ಶ್ರಮದಿಂದ ಮತ್ತೆ ಬೆಳಕಿಗೆ ಬಂದು, 1982ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿ ವಾಚಕರು ಒಂದು ಹೋಲಿಕೆಯನ್ನು ಗಮನಿಸಬೇಕೆಂದು ನನ್ನ ಕೋರಿಕೆ. ಕನ್ನಡ ಕಾದಂಬರಿಯ ಉದಯವೆಂದು ನಾವು ಪಾಠ ಹೇಳುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದು, ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ 1915ರದು. ‘ಸುಶೀಲೆ’ ಇವೆರಡರ ನಡುವೆ ನಿಲ್ಲುತ್ತದೆ. ‘ಇಂದಿರಾಬಾಯಿ’ ಬಾಲವಿಧವೆಯೊಬ್ಬಳ ಕಥೆ. ಅದನ್ನು ಒಬ್ಬ ಗೃಹಸ್ಥರು ಬರೆದ ಹದಿನಾಲ್ಕು ವರ್ಷಗಳ ಮೇಲೆ ನಿಜವಾದ ಬಾಲವಿಧವೆಯೊಬ್ಬಳು ಲೇಖನಿಯನ್ನು ಹಿಡಿದು ಕಾದಂಬರಿಯನ್ನು ಬರೆದಳು. ಮೊದಲನೆಯದು ಸಾಹಿತ್ಯ ಚರಿತ್ರೆಯ ಅಧ್ಯಾಯವಾಯಿತು. ಎರಡನೆಯದು ‘ಮಹಿಳಾ ಸಾಹಿತ್ಯ’ವೆಂಬ ಅನುಬಂಧದ ಒಂದು ಸಾಲಾಯಿತು.

ತಿರುಮಲಾಂಬರ ಕಾದಂಬರಿಗಳಲ್ಲಿ ಉಪದೇಶ ಹೆಚ್ಚು, ಆಕಸ್ಮಿಕಗಳು ಹೆಚ್ಚು, ಪಾತಿವ್ರತ್ಯದ ಆದರ್ಶವನ್ನು ಅವು ಬಿಟ್ಟುಕೊಡವು ಎಂಬ ಆಕ್ಷೇಪಣೆ ಉಂಟು. ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಉಪದೇಶವು ದೋಷವಾದರೆ ‘ಇಂದಿರಾಬಾಯಿ’ಯಲ್ಲಿ ಅದು ಕಡಿಮೆಯೆ? ಆ ದೋಷದೊಡನೆಯೇ ಅದನ್ನು ಚರಿತ್ರೆಯ ಮೈಲಿಗಲ್ಲೆಂದು ಗೌರವಿಸುತ್ತೇವೆ, ಗೌರವಿಸುವುದು ಸರಿಯೇ. ಅದೇ ಅಳತೆಗೋಲನ್ನು ‘ಸುಶೀಲೆ’ಗೂ ಹಿಡಿಯಬೇಕಷ್ಟೆ. ಹೆಚ್ಚಿನ ರಿಯಾಯಿತಿಯೂ ಬೇಡ, ಕಡಿಮೆಯ ನ್ಯಾಯವೂ ಬೇಡ.

ಕೊಡಗಿನ ಗೌರಮ್ಮನವರ ಕಥೆ ಇನ್ನೂ ಮನಸ್ಸನ್ನು ಕಲಕುವಂಥದು. 1912ರಲ್ಲಿ ಹುಟ್ಟಿ, 1939ರ ಏಪ್ರಿಲಿನಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಆಗ ವಯಸ್ಸು ಇಪ್ಪತ್ತೇಳು. ಕಥೆಗಳಿಗೆ ಅವರು ಹಾಕುತ್ತಿದ್ದ ಹೆಸರು ಮಿಸೆಸ್ ಬಿ. ಟಿ. ಜಿ. ಕೃಷ್ಣ, ಇಂಗ್ಲೆಂಡಿನವಳು ಗಂಡಸಿನ ಮರೆಹೆಸರಿನಲ್ಲಿ ನಿಂತಂತೆ ಈಕೆ ಗಂಡನ ಹೆಸರಿನಲ್ಲಿ ನಿಂತರು. ‘ಕಂಬನಿ’, ‘ಚಿಗುರು’ ಎಂಬ ಸಂಗ್ರಹಗಳು ಪುಸ್ತಕವಾಗಿ ಬಂದುದು ಮರಣಾನಂತರ. ಬೇಂದ್ರೆಯವರು ತಂಗಿ ಎಂದು ಕರೆದು ಕವಿತೆ ಬರೆದರು. ಅದು ಅಣ್ಣನ ಅಕ್ಕರೆ; ಅಮೂಲ್ಯವಾದುದು. ಆದರೆ ಅಕ್ಕರೆಯು ವಿಮರ್ಶೆಯ ಕೆಲಸವನ್ನು ಮಾಡಲಾರದು. ‘ಅಪರಾಧಿ ಯಾರು?’, ‘ವಾಣಿಯ ಸಮಸ್ಯೆ’ ಮುಂತಾದ ಕಥೆಗಳಲ್ಲಿ ವಿಧವೆಯ, ಪರಿತ್ಯಕ್ತೆಯ ಮನಸ್ಸನ್ನು ಬೋಧನೆಯಿಲ್ಲದೆ, ಕಣ್ಣೀರಿನ ಅತಿರೇಕವಿಲ್ಲದೆ ಬಿಡಿಸಿದ ಆ ಲೇಖನಿಯನ್ನು ಕನ್ನಡ ಸಣ್ಣಕಥೆಯ ಚರಿತ್ರೆಯಲ್ಲಿ ಮಾಸ್ತಿಯವರ ಪಕ್ಕದಲ್ಲಿಟ್ಟು ನೋಡಿದವರು ವಿರಳ.

ಇದೇ ಕಾಲದಲ್ಲಿ ಆರ್. ಕಲ್ಯಾಣಮ್ಮನವರು 1921ರಲ್ಲಿ ‘ಸರಸ್ವತಿ’ ಮಾಸಪತ್ರಿಕೆಯನ್ನು ಆರಂಭಿಸಿ ನಾಲ್ಕು ದಶಕಗಳ ಕಾಲ ನಡೆಸಿದರು. ಒಂದು ಪತ್ರಿಕೆಯನ್ನು ನಾಲ್ಕು ವರ್ಷ ನಡೆಸುವ ಕಷ್ಟವನ್ನು ಬಲ್ಲವರು ನಾಲ್ಕು ದಶಕಗಳ ಅರ್ಥವನ್ನು ಊಹಿಸಿಕೊಳ್ಳಬಹುದು.

*

ತ್ರಿವೇಣಿಯವರ ವಿಷಯ ಬೇರೆ. ಅವರನ್ನು ಓದುಗರು ಮರೆಯಲಿಲ್ಲ. ಶ್ರೀಯವರ ಸೋದರನ ಮಗಳು, ಮನಶ್ಶಾಸ್ತ್ರವನ್ನು ಓದಿದವರು, ಮೈಸೂರಿನಲ್ಲಿ ಬಾಳಿದವರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. ‘ಶರಪಂಜರ’ದಲ್ಲಿ, ಹುಚ್ಚಿನಿಂದ ಗುಣಹೊಂದಿ ಮನೆಗೆ ಮರಳಿದವಳನ್ನು ಮನೆಯವರ ಸಂಶಯದ ದೃಷ್ಟಿಯೇ ಮತ್ತೆ ಹುಚ್ಚಿಗೆ ತಳ್ಳುವ ಬಗೆಯನ್ನು ಅವರು ತೋರಿಸಿದುದಕ್ಕೆ ಸಮಾನವಾದುದು ಆ ಕಾಲದ ಕನ್ನಡದಲ್ಲಿ ಹೆಚ್ಚಿಲ್ಲ. ಆದರೆ ಪಂಡಿತರ ಲೋಕವು ಆ ತಲೆಮಾರಿನ ಲೇಖಕಿಯರ ಬರವಣಿಗೆಗೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂಬ ಒಂದು ಚೀಟಿಯನ್ನು ಅಂಟಿಸಿ ಕೈತೊಳೆದುಕೊಂಡಿತು. ಲೇಖಕಿಗೆ ಓದುಗರಿದ್ದರೆ ಸಾಲದು. ಆ ಓದನ್ನು ಮುಂದಿನ ತಲೆಮಾರಿಗೆ ಮುಟ್ಟಿಸುವ ವಿಮರ್ಶೆಯೂ ಬೇಕು ಎಂಬುದಕ್ಕೆ ಇದೇ ನಿದರ್ಶನ. ಅಡುಗೆಮನೆಯಲ್ಲಿ ಹೆಣ್ಣಿನ ಬಾಳು ಸವೆದುಹೋಗಬಹುದು, ಆದರೆ ಅಲ್ಲಿ ಸಾಹಿತ್ಯ ಹುಟ್ಟಬಾರದು ಎಂಬುದು ಎಂಥ ನ್ಯಾಯ?

ಸಾಹಿತ್ಯದಲ್ಲಿ ಗಂಡು ಹೆಣ್ಣೆಂಬ ಭೇದವೇಕೆ, ಒಳ್ಳೆಯದು ಕೆಟ್ಟದ್ದು ಎಂಬ ಭೇದ ಸಾಲದೆ, ಎಂದು ನನ್ನ ಮಿತ್ರರಾದ ಹಿರಿಯ ಅಧ್ಯಾಪಕರೊಬ್ಬರು ಕೇಳಿದರು. ಈ ಮಾತಿಗೆ ತೂಕವುಂಟು. ವಿಕ್ಟೋರಿಯಾ ಯುಗದ ಮಹಾಲೇಖಕಿ ಜಾರ್ಜ್ ಎಲಿಯಟ್ — ಈ ಗಂಡು ಹೆಸರಿನ ಹಿಂದಿದ್ದವಳು ಮೇರಿ ಆನ್ ಇವಾನ್ಸ್ — 1856ರಲ್ಲಿ ತನ್ನ ಕಾಲದ ಮಹಿಳೆಯರ ಪೊಳ್ಳು ಕಾದಂಬರಿಗಳನ್ನು ನಿಷ್ಠುರವಾಗಿ ಟೀಕಿಸಿ ಒಂದು ಪ್ರಬಂಧವನ್ನೇ ಬರೆದಳು. ಹೆಂಗಸು ಬರೆದಳೆಂಬ ಕಾರಣಕ್ಕೆ ಸುರಿಯುವ ಹೊಗಳಿಕೆಯು ಒಳ್ಳೆಯ ಲೇಖಕಿಗೆ ಆಗುವ ಅಪಮಾನವೆಂಬುದು ಆಕೆಯ ನಿಲುವು. ನನ್ನದೂ ಅದೇ. ಆದರೆ ಒಳ್ಳೆಯದು ಕೆಟ್ಟದ್ದೆಂದು ತೂಗಬೇಕಾದರೆ ಪುಸ್ತಕ ತಕ್ಕಡಿಯವರೆಗೆ ಬರಬೇಕು. ತೂಗಿ ನೋಡಿ ಹಗುರವೆಂದು ಕೆಳಗಿಟ್ಟರೆ ಅದು ವಿಮರ್ಶೆ. ತೂಗುವ ಮೊದಲೇ ಕೆಳಗಿಟ್ಟರೆ ಅದು ಅಭ್ಯಾಸಬಲ.

ಈ ಅಭ್ಯಾಸದ ಫಲವನ್ನು ಅಂಕಿಗಳಲ್ಲಿಯೂ ಕಾಣಬಹುದು. ಕನ್ನಡಕ್ಕೆ ಎಂಟು ಜ್ಞಾನಪೀಠ ಪ್ರಶಸ್ತಿಗಳು ಬಂದಿವೆಯೆಂಬುದು ನಮ್ಮ ಹೆಮ್ಮೆ. ಆ ಎಂಟರಲ್ಲಿ ಒಂದೂ ಲೇಖಕಿಗೆ ಸಂದುದಲ್ಲ. 1915ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮಹಿಳೆಯೊಬ್ಬರು ಅಧ್ಯಕ್ಷೆಯಾದುದು 1974ರಲ್ಲಿ, ಮಂಡ್ಯದಲ್ಲಿ. ಅವರು ಜಯದೇವಿತಾಯಿ ಲಿಗಾಡೆ. ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ ತರುವಾಯದವರು. 2024ರಲ್ಲಿ ಮತ್ತೆ ಮಂಡ್ಯದಲ್ಲಿಯೇ ನಡೆದ 87ನೆಯ ಸಮ್ಮೇಳನದವರೆಗೆ ಲೆಕ್ಕ ಹಾಕಿದರೆ ನಾಲ್ವರು.

*

ಹಾಗೆಂದು ಕೆಲಸವೇ ನಡೆದಿಲ್ಲವೆಂದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಲ್ಲಿದ್ದ ಡಾ. ವಿಜಯಾ ದಬ್ಬೆಯವರು (1951–2018) ಇದೇ ಊರಿನಲ್ಲಿ ಕುಳಿತು ಹಳಗನ್ನಡದಿಂದ ಹೊಸಗನ್ನಡದವರೆಗೆ ಮಹಿಳೆಯರ ಬರವಣಿಗೆಯನ್ನು ಹೊಸ ಕಣ್ಣಿನಿಂದ ಓದಿದರು. ಕರ್ನಾಟಕ ಲೇಖಕಿಯರ ಸಂಘ 1979ರಿಂದ ದುಡಿಯುತ್ತ ಬಂದಿದೆ. ಮತ್ತು, ಈ ಲೇಖನದ ಆರಂಭಕ್ಕೆ ಮರಳುವುದಾದರೆ, ಬಾನು ಮುಷ್ತಾಕ್ ಅವರ ಕಥೆಗಳನ್ನು ಲಂಡನ್ನಿಗೆ ಮುಟ್ಟಿಸಿದ ದೀಪಾ ಭಾಸ್ತಿಯವರು ಅದಕ್ಕೆ ಮೊದಲೇ, 2023ರಲ್ಲಿ, ಕೊಡಗಿನ ಗೌರಮ್ಮನವರ ಕಥೆಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ್ದರು. ಪ್ರಶಸ್ತಿಯ ಸುದ್ದಿಯಲ್ಲಿ ಇದು ಬಹಳ ಮಂದಿಯ ಗಮನಕ್ಕೆ ಬಾರದೆ ಹೋಯಿತು. ನನಗೆ ಇದಕ್ಕಿಂತ ಅರ್ಥಪೂರ್ಣವಾದ ಸಂಗತಿ ಬೇರೊಂದು ತೋರದು. 1939ರಲ್ಲಿ ಹೊಳೆಯ ಪಾಲಾದ ಕಥೆಗಾರ್ತಿಯೂ, 2025ರಲ್ಲಿ ಲಂಡನ್ನಿನ ವೇದಿಕೆಯೇರಿದ ಕಥೆಗಾರ್ತಿಯೂ ಒಬ್ಬಳೇ ಅನುವಾದಕಿಯ ಮೇಜಿನ ಮೇಲೆ ಒಬ್ಬರನ್ನೊಬ್ಬರು ಸಂಧಿಸಿದರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರು ಇನ್ನೂ ಸಂಧಿಸಬೇಕಾಗಿದೆ.

ಇನ್ನು ಮಾಡಬೇಕಾದುದೇನು? ನನಗೆ ತೋರಿದ ಮೂರು ಮಾತುಗಳನ್ನು ವಿನಯದಿಂದ ಹೇಳುತ್ತೇನೆ.

ಮೊದಲನೆಯದು, ಪುಸ್ತಕ ಕೈಗೆ ಸಿಗುವಂತಾಗಬೇಕು. ನಮ್ಮ ದೇಶದ ಕಾಯಿದೆಯಂತೆ ಲೇಖಕರು ತೀರಿಕೊಂಡ ವರ್ಷದ ಮೇಲೆ ಅರವತ್ತು ವರ್ಷಗಳವರೆಗೆ ಕೃತಿಸ್ವಾಮ್ಯವಿರುತ್ತದೆ. ಗೌರಮ್ಮನವರ ಕಥೆಗಳು ಬಹಳ ಹಿಂದೆಯೇ, ತ್ರಿವೇಣಿಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕಾದಂಬರಿಗಳು 2023ರ ಕೊನೆಗೂ ಅದರಿಂದ ಮುಕ್ತವಾದವು; ಸುಲಭ ಬೆಲೆಯ ಶುದ್ಧಪ್ರತಿಗಳನ್ನು ಯಾರು ಬೇಕಾದರೂ ತರಬಹುದು. ತಿರುಮಲಾಂಬರ ಕೃತಿಗಳಿಗೆ 2042ರವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಕೇಳಿ ಪಡೆಯುವ ಕೆಲಸವನ್ನು ವಿಶ್ವವಿದ್ಯಾನಿಲಯಗಳೂ ಅಕಾಡೆಮಿಯೂ ಮಾಡಬಹುದು. ‘ಕರ್ನಾಟಕ ನಂದಿನಿ’, ‘ಸರಸ್ವತಿ’ಗಳ ಹಳೆಯ ಸಂಚಿಕೆಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಲ್ಲಿಂದ ಒಟ್ಟುಗೂಡಿಸಿ ಕಂಪ್ಯೂಟರಿಗೇರಿಸಬೇಕು. ಹಳೆಯ ಕಾಗದವು ನಮ್ಮ ನಿರ್ಣಯಗಳಿಗಾಗಿ ಕಾಯುವುದಿಲ್ಲ.

ಎರಡನೆಯದು, ಪಾಠಪಟ್ಟಿ. ಲೇಖಕಿಯರಿಗೆಂದು ಕೊನೆಯಲ್ಲಿ ಒಂದು ಪ್ರತ್ಯೇಕ ಘಟಕವನ್ನು ಇಡುವ ಪದ್ಧತಿ ಒಂದು ಕಾಲಕ್ಕೆ ಅಗತ್ಯವಾಗಿದ್ದಿರಬಹುದು. ಪರೀಕ್ಷೆ ಹತ್ತಿರ ಬಂದಾಗ ಓಡಿಸಿಬಿಡುವ ಪಾಠವೂ ಅದೇ ಆಗಿರುತ್ತದೆ. ‘ಸುಶೀಲೆ’ಯನ್ನು ‘ಮಾಡಿದ್ದುಣ್ಣೋ ಮಹಾರಾಯ’ದ ಪಕ್ಕದಲ್ಲಿ, ಗೌರಮ್ಮನವರನ್ನು ಮಾಸ್ತಿ, ಆನಂದರ ಪಕ್ಕದಲ್ಲಿ, ಅವರವರ ಕಾಲದಲ್ಲಿಯೇ ಇಟ್ಟು ಓದಿಸಬೇಕು. ಆಗ ಗಂಡಸರ ಕೃತಿಗಳೂ ಹೊಸದಾಗಿ ಕಾಣತೊಡಗುತ್ತವೆ.

ಮೂರನೆಯದು, ಇಡಿಯಾಗಿ ಓದುವುದು. ಮೈಸೂರಿನ ಅರಮನೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವೆಂಬ ಒಂಬತ್ತು ಸಂಧಿಗಳ ಕಾವ್ಯವನ್ನು ಸಾಂಗತ್ಯದಲ್ಲಿ ಬರೆದಳು. ಹೆಣ್ಣನ್ನು ಹೀಗಳೆಯುವವರನ್ನು ಪ್ರಶ್ನಿಸುವ ಅವಳ ಒಂದೇ ಒಂದು ಪದ್ಯ ಸಭೆ ಸಮಾರಂಭಗಳಲ್ಲಿ ಮೊಳಗುತ್ತದೆ. ಅದೇ ಕಾವ್ಯದಲ್ಲಿ ಪತಿಸೇವೆಯ ಉಪದೇಶವೂ ಇದೆ, ಹೆಣ್ಣುಮಗುವಿನ ಪಕ್ಷಪಾತವೂ ಇದೆ. ಒಂದೇ ಮನಸ್ಸಿನಲ್ಲಿ ವಿಧೇಯತೆಯೂ ಪ್ರತಿಭಟನೆಯೂ ಹೇಗೆ ಜೊತೆಯಾಗಿ ಬಾಳಿದವೆಂಬುದೇ ಅಲ್ಲಿಯ ಸ್ವಾರಸ್ಯ. ಒಂದು ಪದ್ಯವನ್ನು ಕಿತ್ತುಕೊಂಡು ಉಳಿದುದನ್ನು ಬಿಟ್ಟರೆ ಹೊನ್ನಮ್ಮ ಘೋಷಣೆಯಾಗುತ್ತಾಳೆ, ಕವಿಯಾಗಿ ಉಳಿಯುವುದಿಲ್ಲ. ಬಾನು ಮುಷ್ತಾಕ್ ಅವರಿಗೂ ಇದೇ ಅಪಾಯವಿದೆ. ಪ್ರಶಸ್ತಿಯ ಹೆಸರೂ, ಬೆಟ್ಟದ ವಿವಾದವೂ ಉಳಿದು ಕಥೆಗಳು ಮರೆಯಾದರೆ, ಇನ್ನೈವತ್ತು ವರ್ಷಗಳ ಮೇಲೆ ಇನ್ನೊಬ್ಬಳು ಮತ್ತೆ ‘ಮೊದಲನೆಯವಳು’ ಆಗಬೇಕಾಗುತ್ತದೆ.

ನನ್ನ ಪಾಲಿನ ಚಿಕ್ಕ ಕೆಲಸವನ್ನು ಆರಂಭಿಸಿದ್ದೇನೆ. ಟಿಪ್ಪಣಿ ಪುಸ್ತಕದ ನಡುವೆ ಹೊಸ ಹಾಳೆಗಳನ್ನು ಸೇರಿಸಿದ್ದೇನೆ. ಆ ಹುಡುಗಿಗೆ ಗೌರಮ್ಮನವರ ಕಥೆಗಳ ನನ್ನ ಪ್ರತಿಯನ್ನು ಕೊಟ್ಟೆ. ಎರಡು ವಾರಗಳ ನಂತರ ಅವಳು ಮರಳಿಸಲಿಲ್ಲ, ಗೆಳತಿ ಓದುತ್ತಿದ್ದಾಳೆಂದಳು. ಅದಾದ ಮೇಲೆ ಒಂದು ದಿನ ಅವರಿಬ್ಬರೂ ತರಗತಿಯಲ್ಲಿ ‘ವಾಣಿಯ ಸಮಸ್ಯೆ’ಯ ಬಗ್ಗೆ ವಾದಕ್ಕೆ ನಿಂತರು. ಕಥೆಯಲ್ಲಿ ಯಾರ ಪಕ್ಷ ವಹಿಸಬೇಕೆಂಬುದರಲ್ಲಿ ಒಬ್ಬಳ ಅಭಿಪ್ರಾಯ ಇನ್ನೊಬ್ಬಳಿಗೆ ಸೇರಲಿಲ್ಲ. ಹುಡುಗರೂ ದನಿಗೂಡಿಸಿದರು. ಗಂಟೆ ಬಾರಿಸಿದರೂ ಮಾತು ನಿಲ್ಲಲಿಲ್ಲ. ಬರೆದವರು ಹೆಂಗಸೆಂಬುದಾಗಲಿ, ಎಷ್ಟನೆಯವರೆಂಬುದಾಗಲಿ ಆ ಒಂದು ಗಂಟೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.